ಬಲ, ಸರಿ, ಹಕ್ಕು

ಇಂಗ್ಲಿಷು ಕಲಿಯುವ ನಮ್ಮ ಹುಡುಗರನ್ನು ದೊಡ್ಡ ಶಬ್ದಗಳು ಅಷ್ಟಾಗಿ ಕಾಡುವುದಿಲ್ಲ. ಹತ್ತು ಹನ್ನೆರಡು ಅಕ್ಷರಗಳ ಉದ್ದನೆಯ ಶಬ್ದಕ್ಕೆ ಸಾಮಾನ್ಯವಾಗಿ ಅರ್ಥ ಒಂದೇ; ಕೋಶವನ್ನು ಒಮ್ಮೆ ತಿರುವಿ ಪುಸ್ತಕದ ಅಂಚಿನಲ್ಲಿ ಬರೆದುಕೊಂಡರೆ ಅಲ್ಲಿಗೆ ಅದರ ಕಾಟ ತೀರಿತು. ಕಾಡುವವು ಗಿಡ್ಡ ಶಬ್ದಗಳು: ರನ್, ಸೆಟ್, ಗೆಟ್, ಲೈನ್, ರೈಟ್. ಇವುಗಳಿಗೆ ಅರ್ಥ ಕೇಳಿದರೆ ಕೋಶವು ಒಂದು ಮಾತನ್ನಲ್ಲ, ಒಂದು ಸಂತೆಯನ್ನೇ ಮುಂದೆ ಹರಡುತ್ತದೆ. ಈ ಸಂತೆಯೊಳಗಿನ ಒಂದೇ ಒಂದು ಶಬ್ದವನ್ನು ಹಿಡಿದುಕೊಂಡು ವಾಚಕರೊಡನೆ ನಾಲ್ಕು ಹೆಜ್ಜೆ ಹಾಕಬೇಕೆಂದು ನನ್ನ ಆಸೆ. ಆ ಶಬ್ದ ‘ರೈಟ್’.

ಇದನ್ನು ನಾನು ಆರಿಸಿಕೊಂಡುದಕ್ಕೆ ಕಾರಣವುಂಟು. ಇದು ಇಂಗ್ಲಿಷು ಬಾರದವರ ಬಾಯಲ್ಲಿಯೂ ಇರುವ ಇಂಗ್ಲಿಷು. ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಸ್ಸು ಹೊರಡಬೇಕಾದರೆ ಕಂಡಕ್ಟರನು ‘ರೈಟ್, ರೈಟ್’ ಎನ್ನಲೇಬೇಕು. ‘ಹೋಲ್ಡಾನ್’ ಎಂದರೆ ನಿಲ್ಲಬೇಕು. ಆ ‘ರೈಟಿ’ಗೆ ಬಲಗಡೆಗೆ ತಿರುಗೆಂದು ಅರ್ಥವಿಲ್ಲ, ಸರಿಯೆಂದೂ ಪೂರ್ತಿ ಅರ್ಥವಿಲ್ಲ, ‘ಹೊರಡು’ ಎಂದರ್ಥ. ಯಾವ ಆಂಗ್ಲ ಕೋಶಕಾರನೂ ಮೊದಲಿನ ಸಾಲಿನಲ್ಲಿ ಕೊಡದ ಈ ಅರ್ಥವನ್ನು ನಮ್ಮ ಜನ ತಮ್ಮ ಬಳಕೆಯಿಂದಲೇ ಗಟ್ಟಿಮಾಡಿಕೊಂಡಿದ್ದಾರೆ. ಶಾಲೆಯ ಮಕ್ಕಳಿಗೆ ‘ರೈಟ್’ ಎಂದರೆ ಕೆಂಪು ಶಾಯಿಯ ಒಂದು ಗೀರು. ‘ಎಷ್ಟು ರೈಟ್ ಬಿದ್ದಾವ?’ ಎಂದು ಒಬ್ಬರ ಪಟ್ಟಿಯೊಳಗೆ ಒಬ್ಬರು ಇಣಿಕಿ ನೋಡುತ್ತಾರೆ. ಪೊಲೀಸು ಠಾಣೆಯಲ್ಲಿ ‘ರೈಟರ’ನಿದ್ದಾನೆ, ಕಚೇರಿಯ ಕಟ್ಟೆಯ ಮೇಲೆ ‘ಬಾಂಡ್ ರೈಟರ’ನಿದ್ದಾನೆ. ಈ ಕೊನೆಯ ಇಬ್ಬರು ಬೇರೆ ಕುಲದವರು, ಬರೆಯುವ ಕುಲದವರು. ಇಂಗ್ಲಿಷಿನಲ್ಲಿ ಬರೆಯುವುದಕ್ಕೂ, ವಿಧಿವಿಧಾನಕ್ಕೂ, ಕಸಬುದಾರನಿಗೂ, ನಮ್ಮ ಈ ಶಬ್ದಕ್ಕೂ ಕಾಗುಣಿತ ಬೇರೆಬೇರೆ, ಉಚ್ಚಾರ ಒಂದೇ. ನಮ್ಮ ಲಿಪಿ ಕಿವಿಗೆ ನಿಷ್ಠವಾದುದರಿಂದ ನಾಲ್ಕನ್ನೂ ಒಂದೇ ‘ರೈಟ್’ ಮಾಡಿ ಕೂಡ್ರಿಸಿಬಿಟ್ಟಿದೆ.

ಬೈಲಹೊಂಗಲದ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ನಾನು ಬಹಳ ವರ್ಷ ಇಂಗ್ಲಿಷು ಕಲಿಸಿದೆ. ಒಮ್ಮೆ ಅನುವಾದಕ್ಕೆಂದು ಐದು ವಾಕ್ಯ ಕೊಟ್ಟಿದ್ದೆ. ಐದರಲ್ಲಿಯೂ ‘ರೈಟ್’ ಇತ್ತು, ಐದರಲ್ಲಿಯೂ ಅರ್ಥ ಬೇರೆ. ಒಂದು ವಾಕ್ಯದ ತಾತ್ಪರ್ಯ ‘ನನ್ನ ಹೊಲವನ್ನು ತೆಗೆದುಕೊಳ್ಳಲು ನಿನಗೆ ಹಕ್ಕಿಲ್ಲ’ ಎಂದು. ಹಿಂದಿನ ಬೆಂಚಿನ ಹುಡುಗನೊಬ್ಬ ‘ನನ್ನ ಹೊಲವನ್ನು ತೆಗೆದುಕೊಳ್ಳಲು ನಿನಗೆ ಬಲವಿಲ್ಲ’ ಎಂದು ಬರೆದಿದ್ದ. ಪಾಪ, ‘ರೈಟ್ ಹ್ಯಾಂಡ್’ ಎಂದರೆ ಬಲಗೈ ಎಂದು ಕೆಳಗಿನ ತರಗತಿಯಲ್ಲಿ ಕಲಿತದ್ದು ಅವನ ನೆನಪಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ‘ಇಲ್ಲಿ ಬಲ ಅಲ್ಲಪಾ, ಹಕ್ಕು ಅನ್ನಬೇಕು’ ಎಂದೆ. ಅವನು ಎದ್ದು ನಿಂತು, ಸ್ವಲ್ಪವೂ ಕುಚೇಷ್ಟೆಯಿಲ್ಲದೆ ಕೇಳಿದ: ‘ಬಲಾ ಇದ್ದಾಂವಗ ಹಕ್ಕ ಯಾಕ ಬೇಕ್ರಿ ಸರ?’

ತರಗತಿ ನಕ್ಕಿತು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ಆ ದಿನಕ್ಕೆ ಮುಗಿಯುವ ಪ್ರಶ್ನೆಯಾಗಿರಲಿಲ್ಲ. ಬಲ, ಸರಿ, ಹಕ್ಕು ಎಂಬ ಮೂರು ಬೇರೆಬೇರೆ ಸಂಗತಿಗಳನ್ನು ಇಂಗ್ಲಿಷು ಒಂದೇ ಶಬ್ದದ ಚೀಲದಲ್ಲಿ ಏಕೆ ತುಂಬಿತು? ನಾವು ಅವನ್ನು ಮೂರು ಗಡಿಗೆಗಳಲ್ಲಿ ಏಕೆ ಇಟ್ಟುಕೊಂಡೆವು? ಇದರಿಂದ ಅವರಿಗೆ ಆದದ್ದೇನು, ನಮಗೆ ಆದದ್ದೇನು?

ಮೊದಲು ಆ ಚೀಲವನ್ನೇ ಬಿಚ್ಚೋಣ. ಭಾಷಾಶಾಸ್ತ್ರಜ್ಞರು ಹೇಳುವ ಪ್ರಕಾರ ಈ ಶಬ್ದದ ಮೂಲದಲ್ಲಿ ಇರುವುದು ‘ನೆಟ್ಟಗೆ’ ಎಂಬ ಭಾವ. ಹಳೆಯ ಇಂಗ್ಲಿಷಿನ ‘ರಿಹ್ಟ್’, ಜರ್ಮನಿನ ‘ರೆಖ್ಟ್’, ಲ್ಯಾಟಿನ್ನಿನ ‘ರೆಕ್ಟುಸ್’, ನಮ್ಮ ಸಂಸ್ಕೃತದ ‘ಋಜು’ ಇವೆಲ್ಲ ಒಂದೇ ಬೇರಿನ ಚಿಗುರುಗಳು. ನೆಟ್ಟಗಿನ ಗೆರೆ ಎಳೆಯುವವನು, ಅಂದರೆ ಜನರನ್ನು ಗೆರೆಯ ಮೇಲೆ ನಡೆಯಿಸುವವನು, ಲ್ಯಾಟಿನ್ನಿನಲ್ಲಿ ‘ರೆಕ್ಸ್’; ಸಂಸ್ಕೃತದ ‘ರಾಜ’ನೂ ಇದೇ ಮನೆತನದವನೆಂದು ಹೇಳುತ್ತಾರೆ. ‘ರೂಲ್’, ‘ರೂಲರ್’ ಎಂಬ ಮಾತುಗಳೂ ಇದೇ ವಂಶದಲ್ಲಿ ಹುಟ್ಟಿದವು. ನಮ್ಮ ಹಳೆಯ ಕನ್ನಡ ಶಾಲೆಗಳಲ್ಲಿ ಮಾಸ್ತರರ ಮೇಜಿನ ಮೇಲೆ ‘ರೂಲುದೊಣ್ಣೆ’ ಎಂಬ ಒಂದು ಆಯುಧವಿರುತ್ತಿತ್ತು. ಗೆರೆ ಎಳೆಯುವುದಕ್ಕೂ ಅದೇ, ಗೆರೆ ತಪ್ಪಿದವರ ಬೆರಳ ಗಂಟಿಗೆ ಬಡಿಯುವುದಕ್ಕೂ ಅದೇ. ಇಂಗ್ಲಿಷಿನ ‘ರೈಟ್’ ಶಬ್ದದ ಇತಿಹಾಸವನ್ನು ಒಂದೇ ವಸ್ತುವಿನಲ್ಲಿ ತೋರಿಸೆಂದರೆ ನಾನು ಆ ದೊಣ್ಣೆಯನ್ನೇ ತೋರಿಸುತ್ತೇನೆ. ಗೆರೆ, ಅರಸು, ದಂಡನೆ ಮೂರೂ ಅದರಲ್ಲಿವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಾಗದದ ಕೆಳಗೆ ಹಾಕುವ ‘ರುಜು’ವಿಗೂ ಈ ‘ಋಜು’ವಿಗೂ ನೆಂಟಸ್ತಿಕೆ ಕಲ್ಪಿಸಿ, ‘ನೆಟ್ಟಗಿನ ಮನಸ್ಸಿನಿಂದ ಹಾಕುವುದೇ ರುಜು’ ಎಂದು ಭಾಷಣ ಮಾಡುವವರನ್ನು ನಾನು ಕೇಳಿದ್ದೇನೆ. ಚೆನ್ನಾದ ಮಾತೇ, ಆದರೆ ನಿಜವಲ್ಲ. ಸಹಿಯ ರುಜು ಅರಬ್ಬಿಯಿಂದ ಪಾರಸಿಯ ಕಚೇರಿಗಳ ಮೂಲಕ ಬಂದದ್ದು. ‘ರುಜುವಾತು’ ಅದರ ಒಡಹುಟ್ಟು. ಅದಕ್ಕೆ ‘ಋ’ ಹಚ್ಚಿ ಬರೆಯುವುದು ಬಾಡಿಗೆಯ ಪೇಟ ಸುತ್ತಿದಂತೆ.

ನೆಟ್ಟಗಿನದು ಸರಿಯಾದದ್ದಾಯಿತು, ಸರಿಯಾಗಿ ಕೆಲಸ ಮಾಡುವ ಕೈ ‘ರೈಟ್’ ಕೈಯಾಯಿತು, ಸರಿಯಾದ ರೀತಿಯಲ್ಲಿ ಒಬ್ಬನಿಗೆ ಸಲ್ಲತಕ್ಕದ್ದು ಅವನ ‘ರೈಟ್’ ಆಯಿತು. ಹೀಗೆ ಚೀಲ ತುಂಬಿತು. ಎಡಗೈಗೆ ಪಾಪ ಯೂರೋಪಿನಲ್ಲಿ ಎಲ್ಲಿಯೂ ಗೌರವವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಲೆಫ್ಟ್’ ಎಂದರೆ ದುರ್ಬಲವಾದದ್ದು. ರಾಜಕೀಯದ ಬಲಪಂಥ ಎಡಪಂಥಗಳ ಕಥೆ ಮಾತ್ರ ಬೇರೆ. ೧೭೮೯ರಲ್ಲಿ ಫ್ರಾನ್ಸಿನ ರಾಷ್ಟ್ರಸಭೆಯಲ್ಲಿ ಅರಸನ ಕಡೆಯವರು ಅಧ್ಯಕ್ಷನ ಬಲಕ್ಕೂ ವಿರೋಧಿಗಳು ಎಡಕ್ಕೂ ಕುಳಿತರು. ಆ ಕುರ್ಚಿಗಳ ಸಾಲು ಇಂದಿಗೂ ಜಗತ್ತಿನ ಪತ್ರಿಕೆಗಳಲ್ಲಿ ಕುಳಿತೇ ಇದೆ. ಫ್ರೆಂಚರ ‘ದ್ರುವಾ’, ಜರ್ಮನರ ‘ರೆಖ್ಟ್’ ನಮ್ಮ ಶಬ್ದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋಗಿ ಕಾಯದೆ ಎಂಬ ಅರ್ಥವನ್ನೂ ನುಂಗಿಕೊಂಡಿವೆ.

ಇನ್ನು ನಮ್ಮ ಗಡಿಗೆಗಳು. ಮೊದಲನೆಯದು ಬಲ. ಇದು ದ್ರಾವಿಡದ ಮಾತು. ತಮಿಳಿನಲ್ಲಿ ‘ವಲಮ್’ ಎಂದರೆ ಬಲಗಡೆ. ಅಲ್ಲಿಯೂ ಆ ಶಬ್ದಕ್ಕೆ ಶಕ್ತಿ, ಗೆಲವು ಎಂಬ ಅರ್ಥಗಳು ಅಂಟಿಕೊಂಡಿವೆ. ಕನ್ನಡದಲ್ಲಿಯಂತೂ ಬಲಗಡೆಯೂ ಬಲವೇ, ತೋಳಿನ ಕಸುವೂ ಬಲವೇ. ಸಂಸ್ಕೃತದ ‘ದಕ್ಷಿಣ’ದ ಕಥೆಯೂ ಹೆಚ್ಚು ಕಡಿಮೆ ಇಂಥದೇ, ಅದರ ಪಕ್ಕದಲ್ಲಿ ‘ದಕ್ಷ’ನೆಂಬ ಸಮರ್ಥ ನಿಂತಿದ್ದಾನೆ. ಮೂಡಣಕ್ಕೆ ಮುಖಮಾಡಿ ನಿಂತರೆ ಬಲಗೈಯ ಕಡೆಗೆ ಬರುವ ದಿಕ್ಕು ದಕ್ಷಿಣ, ಅದರಿಂದ ದಖ್ಖನು. ಆ ಲೆಕ್ಕದಲ್ಲಿ ನಾವೆಲ್ಲ ದೇಶದ ಬಲಗೈಯ ಜನ! ಇರಲಿ, ನಾನು ಹೇಳಹೊರಟದ್ದು ಇಷ್ಟೇ: ನನ್ನ ವಿದ್ಯಾರ್ಥಿ ಬರೆದ ವಾಕ್ಯದಲ್ಲಿ ಕನ್ನಡದ್ದೇ ಆದ ಒಂದು ಗುಟ್ಟು ಅಡಗಿತ್ತು. ಬಲಗೈಯನ್ನು ಇಂಗ್ಲಿಷು ‘ಸರಿಯಾದ ಕೈ’ ಎನ್ನುತ್ತದೆ. ಕನ್ನಡ ‘ಶಕ್ತಿಯ ಕೈ’ ಎಂದು ಕರೆದು ಸುಮ್ಮನಾಗುತ್ತದೆ. ಶಕ್ತಿಯಿದೆ ಎಂದ ಮಾತ್ರಕ್ಕೆ ಅದು ಸರಿಯೆಂದು ಶಿಫಾರಸು ಮಾಡುವುದಿಲ್ಲ. ಇದು ನಮ್ಮ ಭಾಷೆಯ ಪ್ರಾಮಾಣಿಕತೆಯೆಂದು ನನಗೆ ತೋರುತ್ತದೆ.

ಎರಡನೆಯ ಗಡಿಗೆ ಸರಿ. ಇದರ ರುಚಿಯನ್ನು ನೋಡಬೇಕಾದರೆ ಪೇಟೆಗೆ ಹೋಗಬೇಕು. ಬೈಲಹೊಂಗಲದ ಹತ್ತಿಯ ಪೇಟೆ ಹಳೆಯದು, ಹೆಸರಾದದ್ದು. ಚಕ್ಕಡಿಗಳ ಕಾಲ ಹೋಗಿ ಟ್ರ್ಯಾಕ್ಟರುಗಳ ಕಾಲ ಬಂದಿದೆ. ಕಾಟಾದ ಮುಳ್ಳು ನಡುಗುತ್ತಿದ್ದ ಜಾಗದಲ್ಲಿ ಈಗ ಅಂಕಿಗಳು ಹೊಳೆಯುತ್ತವೆ. ಆದರೆ ರೈತನ ಪ್ರಶ್ನೆ ಬದಲಾಗಿಲ್ಲ: ‘ಬರೋಬ್ಬರಿ ಐತೇನ್ರಿ?’ ಬೆಂಗಳೂರಿನವರು ‘ಸರಿಯಾಗಿದೆಯೆ?’ ಎಂದು ಕೇಳುವಲ್ಲಿ ನಾವು ‘ಬರೋಬ್ಬರಿ’ ಎನ್ನುತ್ತೇವೆ. ಈ ಮಾತು ಪಾರಸಿಯದು. ಅಲ್ಲಿ ‘ಬರ್’ ಎಂದರೆ ಎದೆ. ‘ಬರಾಬರ್’ ಎಂದರೆ ಎದೆಗೆದೆ ಕೂಡಿಸಿ ನಿಂತದ್ದು, ಸಮನಾಗಿ ನಿಂತದ್ದು. ಮರಾಠಿಯ ಹೊಸ್ತಿಲು ದಾಟಿ ನಮ್ಮಲ್ಲಿಗೆ ಬಂದು ಇದು ‘ತಪ್ಪಿಲ್ಲದ್ದು’ ಎಂಬ ಅರ್ಥದಲ್ಲಿ ನೆಲೆಸಿತು.

ಸೋಜಿಗವೇನೆಂದರೆ ನಮ್ಮ ಸ್ವಂತ ‘ಸರಿ’ಯೂ ಇದೇ ದಾರಿಯಲ್ಲಿ ನಡೆದಿದೆ. ‘ಅವನಿಗೆ ಸರಿ ಯಾರು?’ ಎಂದರೆ ಅವನಿಗೆ ಸಮಾನರಾರು ಎಂದು. ‘ಸರಿ-ಬೆಸ’ ಎಂಬಲ್ಲಿ ಎರಡು ಸಮಪಾಲಾಗುವ ಸಂಖ್ಯೆ ಸರಿ. ‘ಸರಿಪಾಲು’, ‘ಸರಿಜೋಡು’, ‘ಸರಿಹೊತ್ತು’, ಎಲ್ಲಿ ನೋಡಿದರೂ ಎರಡು ಪಕ್ಕಗಳು ತೂಗಿ ನಿಂತ ಚಿತ್ರ. ಕರಾವಳಿಯ ಕಡೆಯವರು ‘ಸಮ’ ಎಂಬ ಮಾತನ್ನೇ ಇದೇ ಅರ್ಥದಲ್ಲಿ ಆಡುತ್ತಾರೆ. ಉತ್ತರದಲ್ಲಿ ಬರೋಬ್ಬರಿ, ಪಡುವಣದಲ್ಲಿ ಸಮ, ಉಳಿದೆಡೆ ಸರಿ: ಮೂರೂ ಸಮಾನತೆಯ ಮಾತುಗಳೇ. ಇಂಗ್ಲಿಷಿನವನು ತಪ್ಪು-ಸರಿಗಳನ್ನು ಗೆರೆಯಿಂದ ಅಳೆದ. ಕನ್ನಡಿಗ ತಕ್ಕಡಿಯಿಂದ ತೂಗಿದ. ಗೆರೆಯನ್ನು ಒಬ್ಬನೇ ಎಳೆಯಬಲ್ಲ. ತಕ್ಕಡಿಗಾದರೋ ಎರಡು ಪರಡಿ ಬೇಕು, ಆ ಕಡೆಗೊಬ್ಬ ಈ ಕಡೆಗೊಬ್ಬ ನಿಲ್ಲಬೇಕು.

ಉಳಿದ ಅರ್ಥಗಳನ್ನು ನಾನು ಬೇಗನೆ ದಾಟುತ್ತೇನೆ. ಗೌಂಡಿಯ ಮೂಲೆಮಟ್ಟಕ್ಕೆ ಕೂಡುವ ಕೋನ ಲಂಬಕೋನ. ರಾಮದುರ್ಗದ ಕಡೆಯ ನೇಕಾರನು ಬಟ್ಟೆಯ ‘ರೈಟ್ ಸೈಡ’ನ್ನು ‘ಸುಲ್ಟಾ’ ಎಂದು ತೋರಿಸುತ್ತಾನೆ, ಇನ್ನೊಂದು ಮಗ್ಗುಲು ಉಲ್ಟಾ. ಗ್ರಂಥದ ‘ಕಾಪಿರೈಟ್’ ಕೃತಿಸ್ವಾಮ್ಯ. ‘ರೈಟ್ ಹಿಯರ್’, ‘ರೈಟ್ ನೌ’ ಎಂಬಲ್ಲಿ ಇಂಗ್ಲಿಷಿಗೆ ಇಡೀ ಒಂದು ಶಬ್ದ ಬೇಕು. ನಮಗೆ ಒಂದು ‘ಏ’ಕಾರ ಸಾಕು. ‘ಇಲ್ಲೇ’, ‘ಈಗಲೇ’. ಅನುವಾದ ಮಾಡುವ ಎಳೆಯರು ‘ಸರಿಯಾಗಿ ಇಲ್ಲಿ’ ಎಂದು ಬರೆಯುವುದನ್ನು ಕಂಡಾಗ, ಮನೆಯಲ್ಲಿ ಬೆಣ್ಣೆಯಿಟ್ಟುಕೊಂಡು ನೆರೆಮನೆಗೆ ತುಪ್ಪಕ್ಕೆ ಹೋದಂತೆ ನನಗೆ ಕಾಣುತ್ತದೆ.

ಮೂರನೆಯ ಗಡಿಗೆ ಹಕ್ಕು. ಇದರ ಮುಂದೆ ಸ್ವಲ್ಪ ಹೊತ್ತು ಕೂಡ್ರಬೇಕಾಗಿದೆ.

ಹಕ್ಕು ಅರಬ್ಬಿಯ ‘ಹಕ್’. ಆ ಭಾಷೆಯಲ್ಲಿ ಅದಕ್ಕೆ ಮೊದಲ ಅರ್ಥ ಸತ್ಯ. ದೇವರ ನಾಮಗಳಲ್ಲಿಯೂ ಅದೊಂದು. ಸತ್ಯವಾದದ್ದು, ಆದುದರಿಂದ ಸಲ್ಲತಕ್ಕದ್ದು, ಆದುದರಿಂದ ಒಬ್ಬನು ಕೇಳಿ ಪಡೆಯತಕ್ಕದ್ದು ಎಂದು ಅದರ ಅರ್ಥ ಬೆಳೆಯಿತು. ನಮ್ಮಲ್ಲಿಗೆ ಬರುವಾಗ ಈ ಕುಟುಂಬ ಒಡೆದು ಬಂತು. ಸತ್ಯಾಂಶವನ್ನು ‘ಹಕೀಕತ್ತು’ ಎಂಬ ಮಗಳು ಹೊತ್ತುಕೊಂಡಳು, ‘ಏನ್ ಹಕೀಕತ್ತು?’ ಎಂದರೆ ನಿಜಸಂಗತಿ ಏನು ಎಂದರ್ಥ. ಕಾರಣವಿಲ್ಲದೆ, ನ್ಯಾಯವಿಲ್ಲದೆ ಎಂಬುದಕ್ಕೆ ‘ನಾಹಕ’ ಉಳಿಯಿತು. ‘ನಾಹಕ ಬಡದ’ ಎನ್ನುವವರನ್ನು ಈ ಸೀಮೆಯಲ್ಲಿ ಇಂದಿಗೂ ಕೇಳಬಹುದು. ಬರಿಯ ‘ಹಕ್ಕು’ ಮಾತ್ರ ಹೊಲಮನೆಗಳ ಕಾಗದವನ್ನು ಸೇರಿ ಸತ್ಯದ ಸಂಗವನ್ನು ಬಿಟ್ಟಿತು. ನಮ್ಮ ಇಂದಿನ ಮಾತಿನಲ್ಲಿ ಹಕ್ಕಿರುವವನು ಸತ್ಯವಂತನಾಗಿರಬೇಕಾಗಿಲ್ಲ. ಅವನ ಹತ್ತಿರ ಕಾಗದವಿದ್ದರಾಯಿತು.

ಹಿಂದಿಯವರು ‘ರೈಟ್’ ಎಂಬುದಕ್ಕೆ ‘ಅಧಿಕಾರ’ ಎನ್ನುತ್ತಾರೆ. ಸಂಸ್ಕೃತದಲ್ಲಿ ಅದಕ್ಕೆ ಯೋಗ್ಯತೆ, ಅರ್ಹತೆ ಎಂಬ ಅರ್ಥವಿದ್ದುದರಿಂದ ಅದು ತಪ್ಪಲ್ಲ. ಆದರೆ ಕನ್ನಡದಲ್ಲಿ ಅಧಿಕಾರವೆಂದರೆ ಕುರ್ಚಿ. ಅಮಲ್ದಾರನಿಗೆ ಇರುವುದು ಅಧಿಕಾರ, ಅವನ ಮುಂದೆ ಕೈಕಟ್ಟಿ ನಿಂತ ರೈತನಿಗೆ ಇರುವುದು (ಇದ್ದರೆ) ಹಕ್ಕು. ಸಂವಿಧಾನದ ಮೂರನೆಯ ಭಾಗವನ್ನು ನಾವು ‘ಮೂಲಭೂತ ಅಧಿಕಾರ’ಗಳೆಂದು ಕರೆಯದೆ ‘ಮೂಲಭೂತ ಹಕ್ಕು’ಗಳೆಂದು ಕರೆದುದು ಬಹಳ ಒಳ್ಳೆಯದಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಚೀನೀಯರಿಗೂ ಜಪಾನೀಯರಿಗೂ ಇದೇ ತೊಡಕು ಬಂದಿತ್ತು. ಯೂರೋಪಿನ ಕಾನೂನಿನ ಗ್ರಂಥಗಳನ್ನು ಅನುವಾದಿಸುವಾಗ ಅವರು ‘ಶಕ್ತಿ’, ‘ಲಾಭ’ ಎಂಬ ಎರಡು ಅಕ್ಷರಚಿಹ್ನೆಗಳನ್ನು ಜೋಡಿಸಿ ಒಂದು ಹೊಸ ಶಬ್ದ ಮಾಡಿಕೊಂಡರು. ಜಪಾನಿನಲ್ಲಿ ಅದು ‘ಕೆನ್ರಿ’ ಎಂದು ಬಳಕೆಗೆ ಬಂತು. ಆ ಶಬ್ದದಲ್ಲಿ ಬಲವಿದೆ, ಲಾಭವಿದೆ, ‘ಸರಿ’ ಮಾತ್ರ ಇಲ್ಲವೆಂದು ಅಲ್ಲಿನ ಪಂಡಿತರೇ ಅಸಮಾಧಾನಪಟ್ಟರು. ನನ್ನ ಹಿಂದಿನ ಬೆಂಚಿನ ಹುಡುಗ ಟೋಕಿಯೋದಲ್ಲಿ ಹುಟ್ಟಿದ್ದರೆ ಅವನ ಉತ್ತರಕ್ಕೆ ಅರ್ಧ ಗುಣವಾದರೂ ಸಿಗುತ್ತಿತ್ತು!

ಇಷ್ಟೆಲ್ಲ ಶಬ್ದಗಳ ಚರ್ಚೆ ಪಂಡಿತರ ಆಟವೆಂದು ಯಾರಿಗಾದರೂ ತೋರಿದರೆ, ಅವರು ನಮ್ಮೂರ ಪಕ್ಕದ ಕಿತ್ತೂರಿನ ಕೋಟೆಗೆ ಒಮ್ಮೆ ಹೋಗಿ ಬರಬೇಕು. ಇಂದಿನ ಬೈಲಹೊಂಗಲ ತಾಲೂಕಿಗೆ ಬ್ರಿಟಿಷರ ಕಡತಗಳಲ್ಲಿ ಸಂಪಗಾಂವ ತಾಲೂಕೆಂದು ಹೆಸರು. ಕಿತ್ತೂರು ಅದರಲ್ಲಿಯೇ ಇತ್ತು. ಬಳ್ಳಾರಿಯ ಲಂಡನ್ ಮಿಷನ್ನಿನ ವಿಲಿಯಂ ರೀವ್ ಪಾದ್ರಿಯ ಇಂಗ್ಲಿಷ್-ಕನ್ನಡ ಕೋಶ ಮದ್ರಾಸಿನಲ್ಲಿ ಅಚ್ಚಾದದ್ದು ೧೮೨೪ರಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡಿತ್ತು. ಒಂದು ಕಡೆ ಒಬ್ಬ ಪಾದ್ರಿ ಇಂಗ್ಲಿಷು ಶಬ್ದಗಳಿಗೆ ಕನ್ನಡದ ಸಾಟಿ ಹುಡುಕಿ ಮುಗಿಸಿದ್ದ. ಇನ್ನೊಂದು ಕಡೆ ಒಂದು ಇಂಗ್ಲಿಷು ಶಬ್ದಕ್ಕೆ ಸಾಟಿಯಾದ ಕನ್ನಡವನ್ನು ಕಂಪನಿ ಸರಕಾರ ಒಪ್ಪಲೊಲ್ಲದು.

ಜಗಳವೆಲ್ಲ ಆ ಶಬ್ದದ ಮೇಲೆಯೇ. ದತ್ತಕ ತೆಗೆದುಕೊಳ್ಳುವುದು ನಮ್ಮ ಹಕ್ಕು, ಧರ್ಮಶಾಸ್ತ್ರದಿಂದ ಬಂದದ್ದು ಎಂದು ಕಿತ್ತೂರು ಹೇಳಿತು. ಅಪ್ಪಣೆಯಿಲ್ಲದೆ ದತ್ತಕವಿಲ್ಲ ಎಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಹೇಳಿದ. ಹಕ್ಕು ಮತ್ತು ಅಪ್ಪಣೆ: ಒಂದು ಇರುವುದು, ಇನ್ನೊಂದು ಕೊಡುವುದು. ಆರೇ ವರ್ಷಗಳ ಹಿಂದೆ, ೧೮೧೮ರಲ್ಲಿ, ಬೆಳಗಾವಿಯ ಕೋಟೆಯ ಮುತ್ತಿಗೆಯಲ್ಲಿ ಇದೇ ಕಿತ್ತೂರು ಇದೇ ಕಂಪನಿಗೆ ನೆರವಾಗಿತ್ತು. ಆ ಸ್ನೇಹ ಯಾವ ಪರಡಿಯಲ್ಲಿಯೂ ತೂಗಲಿಲ್ಲ. ಥ್ಯಾಕರೆ ಬೊಕ್ಕಸಕ್ಕೆ ಮುದ್ರೆ ಹಾಕಿಸಿದ. ೧೮೨೪ರ ಅಕ್ಟೋಬರ್ ೨೩ರಂದು ರಾಣಿ ಚೆನ್ನಮ್ಮನ ಸೈನಿಕರು ಕೋಟೆಯ ಬಾಗಿಲು ತೆರೆದು ಹೊರಬಿದ್ದರು; ಥ್ಯಾಕರೆ ಸತ್ತ. (ಈತ ಇಂಗ್ಲಿಷು ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪನೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿದಿರಲಿ.) ಅಂದು ಸೆರೆಸಿಕ್ಕ ಇಬ್ಬರು ಸಾಹೇಬರಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಮುಂದೆ ಆತ ಕನ್ನಡ ನಾಡಿನ ಶಿಲಾಶಾಸನಗಳನ್ನು ನೂರಾರು ಸಂಖ್ಯೆಯಲ್ಲಿ ನಕಲು ಮಾಡಿಸಿದ. ಯಾವ ಅರಸ ಯಾರಿಗೆ ಯಾವ ಭೂಮಿಯನ್ನು ಸರ್ವಮಾನ್ಯವಾಗಿ ಬಿಟ್ಟನೆಂಬ ಕಲ್ಲಿನ ಹಕ್ಕುಪತ್ರಗಳು ಅವು. ಕಿತ್ತೂರಿನ ಸೆರೆವಾಸಕ್ಕೂ ಆ ಆಸಕ್ತಿಗೂ ಏನಾದರೂ ಸಂಬಂಧವುಂಟೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂತು, ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಅಲ್ಲಿಯೇ ಇದೆ. ಸಂಗೊಳ್ಳಿಯ ರಾಯಣ್ಣ ಅದೇ ದತ್ತಕದ ಹೆಸರಿನಲ್ಲಿ ಮತ್ತೆ ಎದ್ದ. ೧೮೩೧ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ರಾಯಣ್ಣನ ಮನೆತನಕ್ಕೆ ‘ರಕ್ತಮಾನ್ಯ’ದ ಹೊಲವಿತ್ತೆಂದು ನಮ್ಮ ಜನ ಹೇಳುತ್ತ ಬಂದಿದ್ದಾರೆ. ರಣದಲ್ಲಿ ನೆತ್ತರು ಸುರಿಸಿದವರ ಮನೆಗೆ ಅರಸು ಬಿಟ್ಟುಕೊಟ್ಟ, ತೆರಿಗೆಯಿಲ್ಲದ ಹೊಲ ಅದು. ‘ರೈಟ್’ ಎಂಬುದಕ್ಕೆ ಯಾವ ಕೋಶದಲ್ಲಿಯೂ ಈ ಪರ್ಯಾಯ ಸಿಗಲಾರದು. ನನ್ನ ಮಟ್ಟಿಗೆ ಕನ್ನಡದಲ್ಲಿ ಇದಕ್ಕಿಂತ ಭಾರವಾದ ಪರ್ಯಾಯ ಇನ್ನೊಂದಿಲ್ಲ.

ಮೂವತ್ತನಾಲ್ಕು ವರ್ಷಗಳ ಮೇಲೆ ಅದೇ ಮಾತು ಇನ್ನೊಂದು ಮನೆಯ ಬಾಗಿಲಿಗೆ ಬಂತು. ನರಗುಂದದ ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತಕಕ್ಕೆ ಅನುಮತಿ ಕೇಳಿದ, ಸಿಗಲಿಲ್ಲ. ೧೮೫೮ರ ಮೇ ತಿಂಗಳ ಕೊನೆಗೆ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜಂಟ ಮ್ಯಾನ್‌ಸನ್ ಅವನ ಜನರ ಕೈಯಲ್ಲಿ ಸತ್ತ. ಜೂನ್ ೧೨ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೆ ಹಾಕಿದರು. ಅದೇ ವರ್ಷದ ನವೆಂಬರಿನಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆ ಹೊರಟಿತು. ದೇಶೀ ಅರಸರ ‘ರೈಟ್ಸ್’ಗಳನ್ನು ಗೌರವಿಸುವೆವೆಂದು ಅದರಲ್ಲಿ ಮಾತು ಕೊಟ್ಟಿತ್ತು. ೧೮೬೨ರಲ್ಲಿ ಕ್ಯಾನಿಂಗ್ 
ಪ್ರಭುವಿನ ಕಾಲದಲ್ಲಿ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಹಂಚಿದರು. ಹಕ್ಕು ಎಂದು ಕೇಳಿದವರಿಗೆ ಗಲ್ಲು, ನಾಲ್ಕು ವರ್ಷ ತಡೆದವರಿಗೆ ಸನದು! ನೆಟ್ಟಗಿನ ಗೆರೆಯನ್ನು ಎಳೆಯುವವನೇ ಅದನ್ನು ಒರೆಸಿ ಬೇರೆ ಕಡೆಗೆ ಎಳೆದರೆ, ಮೊದಲಿನ ಗೆರೆಯ ಆಚೆ ಸತ್ತವರು ತಪ್ಪುಗಾರರೋ ಅಲ್ಲವೋ? ‘ರೈಟ್’ ಎಂಬ ಒಂದೇ ಶಬ್ದದಲ್ಲಿ ಯೋಚಿಸುವವನಿಗೆ ಈ ಪ್ರಶ್ನೆ ಕಠಿಣ. ಅಧಿಕಾರ ಬೇರೆ, ಹಕ್ಕು ಬೇರೆ, ಸರಿ ಬೇರೆ ಎಂದು ತಿಳಿದ ನಮ್ಮ ಹಳ್ಳಿಗನಿಗೆ ಅಲ್ಲ. ಈ ಸೀಮೆಯಲ್ಲಿ ಚೆನ್ನಮ್ಮ ಸೋತಳೆಂದು ಹೇಳುವವರು ಸಿಗಬಹುದು, ತಪ್ಪಿದಳೆಂದು ಹೇಳುವವರು ಸಿಗಲಾರರು.

ಅರಸರ ಹಕ್ಕುಗಳ ಮಾತು ಮುಗಿದು ಪ್ರಜೆಗಳ ಹಕ್ಕಿನ ಮಾತು ಹುಟ್ಟಿದಾಗಲೂ ನೆತ್ತರು ತಪ್ಪಲಿಲ್ಲ. ೧೯೩೯ರ ಏಪ್ರಿಲಿನಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ಎದ್ದಾಗ ಎರಡೂ ಕಡೆಗೆ ಜೀವಗಳು ಹೋದವು. ೧೯೪೮ರಲ್ಲಿ ಸಂಸ್ಥಾನವೇ ವಿಲೀನವಾಯಿತು. ೧೯೫೦ರ ಸಂವಿಧಾನ ಆಸ್ತಿಯ ಹಕ್ಕನ್ನು ಮೂಲಭೂತವೆಂದಿತು. ೧೯೭೮ರ ನಾಲ್ವತ್ತನಾಲ್ಕನೆಯ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ೧೯೭೪ರ ತಿದ್ದುಪಡಿಯಾದ ಭೂಸುಧಾರಣೆಯ ಕಾಯದೆಯಿಂದ ಗೇಣಿದಾರನು ಉಳುವ ಹೊಲದ ಒಡೆಯನಾದ. ನನ್ನ ಗಮನಕ್ಕೆ ಬಂದ ಒಂದು ಸಣ್ಣ ವಿಚಿತ್ರವೆಂದರೆ, ಹೊಲದ ಹಕ್ಕನ್ನು ತೋರಿಸುವ ಕಾಗದಕ್ಕೆ ಈ ಸೀಮೆಯ ರೈತ ಹೇಳುವುದು ‘ಉತಾರ’. ಮರಾಠಿಯಿಂದ ಬಂದ ಆ ಮಾತಿಗೆ ಅರ್ಥ ಬರಿಯ ನಕಲು! ಮೂಲ ಯಾವಾಗಲೂ ಸರಕಾರದ ಕಪಾಟಿನಲ್ಲಿ. ಒಕ್ಕಲಿಗನ ಕೈಗೆ ಸಿಗುವುದು ಉತಾರ.

ಈಗ ಹೆಣ್ಣುಮಕ್ಕಳ ಹಕ್ಕಿನ ಮಾತು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಪಾಲು ಎಂದು ಕರ್ನಾಟಕದ ತಿದ್ದುಪಡಿ ೧೯೯೪ರಲ್ಲಿ ಹೇಳಿತು, ಮದುವೆಯಾಗಿ ಹೋದವರನ್ನು ಹೊರಗಿಟ್ಟು. ೨೦೦೫ರಲ್ಲಿ ದೇಶದ ಕಾಯದೆಯೇ ಬದಲಾಗಿ ಆ ಹೊರಗಿಡುವಿಕೆಯೂ ಹೋಯಿತು. ಈ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ೨೦೨೦ರಲ್ಲಿ ಸುಪ್ರೀಂ ಕೋರ್ಟು ಖಚಿತವಾಗಿ ತೀರ್ಮಾನಿಸಿತು. ಯಾರೂ ಕೊಟ್ಟದ್ದಲ್ಲ, ಇದ್ದದ್ದು. ಚೆನ್ನಮ್ಮ ಕೇಳಿದ್ದೂ ಈ ಬಗೆಯ ಹಕ್ಕನ್ನೇ ಅಲ್ಲವೆ? ಆದರೆ ಇದಕ್ಕೆ ಎದುರಾಗಿ ಕಟ್ಟೆಯ ಮೇಲಿನ ಬಾಂಡ್ ರೈಟರನ ಹತ್ತಿರ ಒಂದು ನಮೂನೆ ಯಾವಾಗಲೂ ಸಿದ್ಧವಿರುತ್ತದೆ. ಅದರ ಹೆಸರು ಹಕ್ಕುಬಿಡುಗಡೆ ಪತ್ರ.

ಕೆಲವು ವರ್ಷಗಳ ಹಿಂದೆ ಅಂಥ ಒಂದು ಪತ್ರಕ್ಕೆ ಸಾಕ್ಷಿ ಹಾಕಲು ನನ್ನನ್ನು ಕರೆದಿದ್ದರು. ತಮ್ಮ ನನ್ನ ಹಳೆಯ ವಿದ್ಯಾರ್ಥಿ; ಅಕ್ಕ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಸವದತ್ತಿಯ ಕಡೆಗೆ ಮದುವೆಯಾಗಿ ಹೋದವಳು. ಇಬ್ಬರಲ್ಲಿ ಜಗಳವಿರಲಿಲ್ಲ. ಜಗಳವಿದ್ದರೆ ನನಗೆ ಸುಲಭವಾಗುತ್ತಿತ್ತು. ಆಕೆ ನನ್ನ ಪಕ್ಕಕ್ಕೆ ಬಂದು ಸಣ್ಣ ದನಿಯಲ್ಲಿ ಕೇಳಿದಳು: ‘ಮಾಸ್ತರ್ರ, ನನಗ ಹಕ್ಕ ಐತಿ ಅಂತ ಮಂದಿ ಹೇಳ್ತಾರ. ಖರೆ ಏನ್ರಿ?’

ಖರೆ, ಎಂದೆ. ಕಾಯದೆ ಏನು ಹೇಳುತ್ತದೆಂದು ತಿಳಿಸಿದೆ.

‘ಹಕ್ಕ ಐತಿ ಖರೆ. ಕೇಳೂದು ಸರಿ ಏನ್ರಿ?’

ಇಂಗ್ಲಿಷಿನಲ್ಲಿ ಈ ಪ್ರಶ್ನೆಯನ್ನು ಒಂದೇ ಶಬ್ದವನ್ನು ಎರಡು ಸಲ ಹೇಳಿ ಕೇಳಬೇಕಾಗುತ್ತಿತ್ತು. ಅದು ಶಬ್ದಚಮತ್ಕಾರದಂತೆ ಕೇಳಿಸುತ್ತಿತ್ತು. ಆಕೆಗೆ ಅದು ಚಮತ್ಕಾರವಾಗಿರಲಿಲ್ಲ. ನಾನು ಸರಿಯೆಂದೇ ಹೇಳಿದೆ. ಪಾಲು ಸರಿಪಾಲಾಗದಿದ್ದರೆ ಅದಕ್ಕೆ ಸರಿಯೆನ್ನುವುದು ಹೇಗೆ ಎಂದೂ ಕೇಳಿದೆ. ಬೇಕಾದರೆ ಕೋರ್ಟು ಕೊಡಿಸುತ್ತದೆ ಎಂದೆ. ಆಕೆ ತಮ್ಮನ ಕಡೆಗೊಮ್ಮೆ ನೋಡಿ, ‘ಕೋರ್ಟ ಪಂಚಮಿಗೆ ಕರಿಯಾಕ ಬರ್ತೈತೇನ್ರಿ ಮಾಸ್ತರ್ರ?’ ಎಂದಳು. ಉತ್ತರ ಕರ್ನಾಟಕದ ಹೆಣ್ಣುಮಗಳಿಗೆ ನಾಗರಪಂಚಮಿಯೆಂದರೆ ಏನು, ಆ ಹಬ್ಬಕ್ಕೆ ತವರಿನಿಂದ ಕರೆಯಲು ಯಾರೂ ಬಾರದ ಮನೆಯ ಅಂಗಳ ಹೇಗಿರುತ್ತದೆ ಎಂಬುದನ್ನು ಈ ಕಡೆಯ ವಾಚಕರಿಗೆ ನಾನು ವಿವರಿಸಬೇಕಾಗಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ.

ಬಾಂಡ್ ರೈಟರನು ಕಾಗದವನ್ನು ಗಟ್ಟಿಯಾಗಿ ಓದಿದ. ‘ಯಾರ ಒತ್ತಾಯವೂ ಇಲ್ಲದೆ, ಸ್ವಸಂತೋಷದಿಂದ, ಸದರಿ ಆಸ್ತಿಯಲ್ಲಿಯ ನನ್ನ ಹಕ್ಕನ್ನು’ ಎಂಬಲ್ಲಿಗೆ ಬಂದಾಗ ಆಕೆ ಕೈಯೆತ್ತಿ ನಿಲ್ಲಿಸಿದಳು. ಕಾಗದವನ್ನು ಇಸಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಶಾಲೆಯ ಹುಡುಗಿಯಂತೆ ಕೂಡಿಸಿ ಕೂಡಿಸಿ ತಾನೇ ಓದಿದಳು.

‘ಹಕ್ಕ ಬಿಟ್ಟೇನಿ ಅಂತ ಬರೀರಿ. ಸಂತೋಷ ಅನ್ನೂದ ತಗೀರಿ. ರುಜು ಮಾಡ್ತೀನಿ.’

‘ಆ ಶಬ್ದ ತೆಗೆದರ ಕಾಗದ ನಿಲ್ಲೂದಿಲ್ಲವ್ವಾ’ ಎಂದ ಬಾಂಡ್ ರೈಟರ.

ತಮ್ಮ ಏನೂ ಮಾತಾಡಲಿಲ್ಲ. ಆಕೆ ಕಾಗದವನ್ನು ಹಿಂದಕ್ಕೆ ಕೊಟ್ಟು, ಸೆರಗು ಸರಿಮಾಡಿಕೊಂಡು, ‘ಹಂಗಾರ ಇನ್ನೊಂದ ದಿನಾ ಬರ್ತೇನ್ರಿ’ ಎಂದು ಎದ್ದಳು. ಅಂದು ರುಜು ಆಗಲಿಲ್ಲ. ಮುಂದೆ ಆಯಿತೋ ಇಲ್ಲವೋ, ನಾನು ಕೇಳಲು ಹೋಗಲಿಲ್ಲ.